ರಿಸೀವರ್ ನೆನಪಿಟ್ಟ ಕುರ್ಚಿ

"ರೀ, ಟೇಪ್ ಸಡಿಲ ಬಿಡಬೇಡಿ. ಬಿಗಿಯಾಗಿ ಹಿಡೀರಿ."

ಬಿಗಿಯಾಗೇ ಹಿಡಿದಿದ್ದೆ. ಮೂಲೆಯಲ್ಲಿ ನಿಂತಿದ್ದ ಎತ್ತರದ ಸ್ಪೀಕರಿನ ಮೂತಿಗೆ ಅಳತೆ ಟೇಪಿನ ಒಂದು ತುದಿಯನ್ನು ಒತ್ತಿಕೊಂಡು ನಾನು ಬಗ್ಗಿದ್ದರೆ, ಇನ್ನೊಂದು ತುದಿ ಹಿಡಿದ ನನ್ನ ಹೆಂಡತಿ ಸತ್ತವರ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದಳು. ಕೂತದ್ದಷ್ಟೇ ಅಲ್ಲ, ಟೇಪನ್ನು ತನ್ನ ಕಿವಿಯ ಪಕ್ಕಕ್ಕೆ ತಂದು ಅಳತೆ ನೋಡುತ್ತಿದ್ದಳು. ಊರೆಲ್ಲ 'ಪತ್ತೇದಾರಿ ಅಮ್ಮ' ಎಂದು ಕರೆಯುವ ಹೆಂಗಸನ್ನು ಕಟ್ಟಿಕೊಂಡವನ ಹಣೆಬರಹ ಇದು. ಡ್ರಾಯಿಂಗ್ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಕಾಲು ಚಾಚಿ ಕೂರಬಹುದು ಅಂದುಕೊಂಡಿದ್ದೆ. ಈಗ ಅವಳ ಕಾರಿಗೆ ಡ್ರೈವರು, ಅವಳ ಟೇಪಿಗೆ ಮೊಳೆ.

ಹೋದ ವಾರ ಇದೇ ಕುರ್ಚಿಯಲ್ಲಿ ಕಿವಿರಾಯರು ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದು ಸತ್ತು ಕೂತಿದ್ದರು. ಎದುರಿನ ದೊಡ್ಡ ಟೀವಿಯಲ್ಲಿ ಸಿನಿಮಾ ತನ್ನ ಪಾಡಿಗೆ ಓಡುತ್ತಿತ್ತು. ಆ ಹೊತ್ತಿಗೆ ಮನೆಯ ಕೆಳಭಾಗದಲ್ಲಿದ್ದವಳು ಅವರ ಮಗಳೊಬ್ಬಳೇ ಎಂದು ಇನ್ಸ್‌ಪೆಕ್ಟರು ಇವತ್ತು ಸಂಜೆ ಅವಳನ್ನು ಬಂಧಿಸಿ ಒಯ್ಯಲಿದ್ದರು.

ಕಿವಿರಾಯರು ಅನ್ನುವುದು ಅವರ ಹೆಸರಲ್ಲ, ಜನ ಕೊಟ್ಟ ಬಿರುದು. ಸಿನಿಮಾಗಳ ಸದ್ದನ್ನು ಹದ ಮಾಡುವುದೇ ಅವರ ಕಸುಬಾಗಿತ್ತು. ಪಾತ್ರದ ಮಾತು ಎಷ್ಟು ಮುಂದೆ ಬರಬೇಕು, ಹಿಂದಿನ ಗಾಳಿ ಎಷ್ಟು ಹಿಂದೆ ನಿಲ್ಲಬೇಕು ಎಂದು ಕೂದಲೆಳೆಯಷ್ಟು ಸರಿಮಾಡಿ ಕೊಡುತ್ತಿದ್ದರಂತೆ. ವಯಸ್ಸಾಗಿ ಮನೆಯಲ್ಲಿ ಕೂತ ಮೇಲೆ ಈ ಕೋಣೆಯನ್ನು ಕಟ್ಟಿಸಿಕೊಂಡರು. ಗೋಡೆಗೆ ದಪ್ಪ ಬಟ್ಟೆ, ನೆಲಕ್ಕೆ ಕಪ್ಪು ಜಮಖಾನ, ಸುತ್ತ ಸ್ಪೀಕರುಗಳು, ಟೀವಿಯ ಕೆಳಗೆ ಇವೆಲ್ಲಕ್ಕೂ ಯಜಮಾನನಾದ ರಿಸೀವರ್ ಎಂಬ ಕರಿ ಪೆಟ್ಟಿಗೆ.

ನಮ್ಮನ್ನು ಕರೆಸಿದವರು ಅವರ ಅಕ್ಕ. ಮನೆಗೆಲ್ಲ ದೊಡ್ಡತ್ತೆ. ಮಂಡಿನೋವಿನಿಂದ ಮಹಡಿಯ ಕೋಣೆಯಲ್ಲೇ ಇರುತ್ತಾರೆ, ಸಂಜೆ ಯಾರಾದರೂ ಕೈಹಿಡಿದು ಇಳಿಸಿದರೆ ತಮ್ಮನ ಜೊತೆ ಕೂತು ಸಿನಿಮಾ ನೋಡುತ್ತಿದ್ದರು. ತಾಯಿಯಿಲ್ಲದ ಆ ಮಗಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವರು ಅವರೇ.

"ಅವಳನ್ನ ಬಿಡಿಸ್ಕೊಡು ತಾಯಿ," ಎಂದು ಅವರು ನನ್ನ ಹೆಂಡತಿಯ ಕೈ ಹಿಡಿದುಕೊಂಡಿದ್ದರು. "ನನ್ನ ತಮ್ಮ ಹೋದ. ಅವಳೂ ಹೋದ್ರೆ ನನಗೆ ಯಾರಿದ್ದಾರೆ ಹೇಳು."

"ಬಿಡಿಸ್ತೀನಿ," ಅಂದಿದ್ದಳು ನನ್ನವಳು. ಸಾಮಾನ್ಯವಾಗಿ ಅವಳು ಹಾಗೆಲ್ಲ ಮಾತು ಕೊಡುವವಳಲ್ಲ.

ಬಾಗಿಲಿಗೆ ಒರಗಿ ನಿಂತಿದ್ದ ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡರು. ಒಳ್ಳೆಯ ಮನುಷ್ಯ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವರು. ನಾನು ಮನಸ್ಸಿನಲ್ಲೇ ಗಡಿಬಿಡಿ ಸಾಹೇಬರು ಅಂತ ಕರೆಯುತ್ತೇನೆ.

"ಮೇಡಂ, ಅಳತೆ ಮುಗೀತಾ? ಹೊಲಿಗೆಗೆ ಕೊಡ್ಬೇಕಾ?"

"ಮುಗೀತು. ಇಲ್ಲಿ ಬನ್ನಿ, ಟೀವಿ ನೋಡಿ."

ಅವಳು ರಿಮೋಟ್ ಒತ್ತಿದಳು. ರಿಸೀವರಿನ ಮೆನು ಟೀವಿಯ ಮೇಲೆ ಬಂತು. ಎಡ, ಬಲ, ನಡು, ಹಿಂದಿನ ಎಡ, ಹಿಂದಿನ ಬಲ. ಒಂದೊಂದು ಸ್ಪೀಕರಿನ ಎದುರಿಗೂ ಒಂದೊಂದು ದೂರ.

"ಈ ಪೆಟ್ಟಿಗೆಗೆ ಕಣ್ಣಿಲ್ಲ. ಆದ್ರೆ ಕೇಳೋರು ಎಲ್ಲಿ ಕೂತಿದ್ದಾರೆ ಅಂತ ಅದಕ್ಕೆ ಗೊತ್ತು," ಅಂದಳು. "ಇದರ ಜೊತೆ ಒಂದು ಪುಟ್ಟ ಮೈಕ್ ಕೊಡ್ತಾರೆ. ಕೂರೋ ಜಾಗದಲ್ಲಿ, ಕಿವಿ ಎತ್ತರಕ್ಕೆ ಇಡ್ಬೇಕು. ಆಮೇಲೆ ಪೆಟ್ಟಿಗೆ ಒಂದೊಂದೇ ಸ್ಪೀಕರ್‌ನಿಂದ ಬುಸ್ ಅಂತ ಸದ್ದು ಬಿಟ್ಟು, ಅದು ಮೈಕ್‌ಗೆ ಬಂದು ಸೇರೋಕೆ ಎಷ್ಟು ಹೊತ್ತಾಯ್ತು ಅಂತ ಲೆಕ್ಕ ಹಾಕುತ್ತೆ. ಹತ್ತಿರ ಇರೋ ಸ್ಪೀಕರ್‌ನ ಒಂಚೂರು ತಡೆದು, ದೂರದ್ದನ್ನ ಮುಂದೆ ಬಿಟ್ಟು, ಎಲ್ಲ ಸದ್ದೂ ಒಟ್ಟಿಗೇ ಕಿವಿಗೆ ಬೀಳೋ ಹಾಗೆ ಮಾಡುತ್ತೆ. ಕೂತ ಜಾಗ ಒಂಚೂರು ಬದಲಾದ್ರೂ ಹದ ಕೆಟ್ಟಹಾಗೆ."

ಇದನ್ನೆಲ್ಲ ಅವಳು ಎಲ್ಲಿ ಕಲಿತಳು ಅಂತ ಕೇಳಬೇಡಿ. ಆ ಪೆಟ್ಟಿಗೆಯ ಕೈಪಿಡಿಯನ್ನು ಕಾದಂಬರಿ ಓದಿದ ಹಾಗೆ ಓದಿದ್ದಳು. ಊಟದ ತಟ್ಟೆಯ ಪಕ್ಕದಲ್ಲೂ ಅದೇ. ಸಾರಿಗೆ ಉಪ್ಪು ಹಾಕಿಲ್ಲ ಅಂದರೆ "ಸಬ್‌ವೂಫರ್ ಅಂದ್ರೆ ಏನು ಗೊತ್ತಾ?" ಅಂತ ನನ್ನನ್ನೇ ಕೇಳುತ್ತಿದ್ದಳು.

"ನಾವು ಅಳೆದಿದ್ದಕ್ಕೂ ಇಲ್ಲಿ ಇರೋದಕ್ಕೂ ಬೆರಳಗಲದಷ್ಟೂ ವ್ಯತ್ಯಾಸ ಇಲ್ಲ," ಅಂದೆ.

"ಅಂದ್ರೆ ಕುರ್ಚಿ ಇದ್ದ ಜಾಗದಲ್ಲೇ ಇದೆ," ಅಂದರು ಗಡಿಬಿಡಿ ಸಾಹೇಬರು. "ಇದ್ರಲ್ಲಿ ಏನು ಬಂತು ಮೇಡಂ?"

"ಇದು ಎರಡನೇ ಖಾನೆ. ಈ ಪೆಟ್ಟಿಗೆಲಿ ಎರಡು ಥರದ ಲೆಕ್ಕ ಬೇರೆ ಬೇರೆ ಇಟ್ಕೋಬಹುದು. ಈಗ ಮೊದಲನೇದು ನೋಡಿ."

ಇನ್ನೊಂದು ಗುಂಡಿ ಒತ್ತಿದಳು. ಟೀವಿಯ ಮೇಲಿನ ದೂರಗಳೆಲ್ಲ ಬದಲಾದವು. ಬಲದ ಸ್ಪೀಕರ್ ದೂರವಾಯಿತು, ಎಡದ್ದು ಹತ್ತಿರ ಬಂತು, ಹಿಂದಿನ ಎರಡೂ ಇನ್ನಷ್ಟು ಹಿಂದಕ್ಕೆ ಸರಿದವು.

ನಾವು ಮತ್ತೆ ಟೇಪ್ ಹಿಡಿದೆವು. ಈ ಸಲ ಗಡಿಬಿಡಿ ಸಾಹೇಬರೂ ಒಂದು ತುದಿ ಹಿಡಿದರು. ಆ ದೂರಗಳಿಗೆ ಹೊಂದುವ ಜಾಗ ಕುರ್ಚಿಯಿಂದ ಒಂದು ತೋಳಿನಷ್ಟು ಎಡಕ್ಕೆ, ಸ್ವಲ್ಪ ಮುಂದಕ್ಕೆ ಸಿಕ್ಕಿತು. ನನ್ನವಳು ಮಂಡಿಯೂರಿ ಜಮಖಾನದ ಮೇಲೆ ಅಂಗೈ ಆಡಿಸಿದಳು. ಅಲ್ಲಿ ದಾರದ ಕುಚ್ಚುಗಳು ನಾಲ್ಕು ಕಡೆ ಅಪ್ಪಚ್ಚಿಯಾಗಿದ್ದವು. ಭಾರದ ಕುರ್ಚಿ ವರ್ಷಗಟ್ಟಲೆ ಕಾಲೂರಿ ನಿಂತಿದ್ದ ಗುರುತು.

"ಕುರ್ಚಿ ಎತ್ತಿ," ಅಂದಳು.

ಇನ್ಸ್‌ಪೆಕ್ಟರು ಮತ್ತು ನಾನು ಸೇರಿ ಎತ್ತಿ ಹಳೆಯ ಜಾಗಕ್ಕೆ ತಂದಿಟ್ಟೆವು. ನನ್ನ ಸೊಂಟ ಅದನ್ನು ಇನ್ನೂ ಮರೆತಿಲ್ಲ. ಕುರ್ಚಿ ಎದ್ದ ಕಡೆ, ಕಪ್ಪು ಜಮಖಾನದ ಮೇಲೆ, ಅಂಗೈಯಗಲದ ಇನ್ನೂ ಕಪ್ಪಾದ ಒಂದು ಕಲೆ ಒಣಗಿ ಗಟ್ಟಿಯಾಗಿತ್ತು.

ಇನ್ಸ್‌ಪೆಕ್ಟರು ಬಗ್ಗಿ ಕಲೆಯನ್ನು ನೋಡಿದರು. ಅವರ ಹುಡುಗರು ಕೋಣೆಯ ಫೋಟೋಗಳನ್ನೆಲ್ಲ ತೆಗೆದು, ಬೀಗ ಹಾಕಿ ಮೊಹರು ಮಾಡಿದ್ದರು. ಕುರ್ಚಿಯನ್ನು ಎತ್ತಿ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

"ರಕ್ತ," ಅಂದರು ಇನ್ಸ್‌ಪೆಕ್ಟರು. "ಯಜಮಾನರು ಬಿದ್ದದ್ದು ಇಲ್ಲಿ. ಆಮೇಲೆ ಕಲೆ ಮುಚ್ಚೋಕೆ ಕುರ್ಚಿ ಎಳೆದು, ಅವರನ್ನ ಅದರ ಮೇಲೆ ಕೂರಿಸಿದ್ದಾರೆ."

"ಅಷ್ಟಕ್ಕೇ ನಿಲ್ಲಿಸಿದ್ರೆ ನಮಗೆ ಏನೂ ಸಿಗ್ತಿರಲಿಲ್ಲ. ನಿಲ್ಲಿಸೋಕೆ ಆಗಲಿಲ್ಲ, ಗುಟ್ಟು ಇರೋದು ಅಲ್ಲೇ." ನನ್ನ ಹೆಂಡತಿಯ ಮುಖ ಅರಳಿತ್ತು. ಒಳ್ಳೆಯ ಹಾಡು ಕೇಳಿದಾಗ ಅವಳ ಮುಖ ಹಾಗಾಗುತ್ತದೆ. "ಕುರ್ಚಿ ಸರಿಸಿದ್ದಾಯ್ತು. ಸಿನಿಮಾ ಹಾಕಿದ್ದಾಯ್ತು. ಸದ್ದು ಒಂದು ಕಡೆ ವಾಲ್ತಾ ಇದೆ. ಬೇರೆ ಯಾರಾದ್ರೂ ಆಗಿದ್ರೆ ಓಡಿಹೋಗ್ತಿದ್ರು. ಈ ಮನುಷ್ಯನ ಕಿವಿ ಬಿಡಲಿಲ್ಲ. ಮೈಕ್ ಹುಡುಕಿ ತೆಗೆದು, ಹೊಸ ಜಾಗಕ್ಕೆ ಎಲ್ಲಾನೂ ಹೊಸದಾಗಿ ಹದ ಮಾಡಿ ಹೋಗಿದ್ದಾರೆ. ದೊಡ್ಡತ್ತೆ ಹೇಳಿದ ಹಾವು ಇದೇ."

ಪಾಪ, ದೊಡ್ಡತ್ತೆಯ ಹಾವು. ಅವತ್ತು ಮಧ್ಯಾಹ್ನ ಕೆಳಗೆ ಯಾರೋ ಜೋರಾಗಿ ಕಿತ್ತಾಡುವುದು ಕೇಳಿಸಿತು, ಸಿನಿಮಾ ಅಂದುಕೊಂಡೆ, ಆಮೇಲೆ ಒಂದು ಹಾವು ಮೂಲೆಯಿಂದ ಮೂಲೆಗೆ ಓಡಾಡುತ್ತಾ ಬುಸುಗುಟ್ಟಿತು ಎಂದು ಆಕೆ ಹೇಳಿದಾಗ ಪೊಲೀಸರು ಮುಸಿಮುಸಿ ನಕ್ಕಿದ್ದರು. ಒಬ್ಬ ಪೇದೆ ಕೋಲು ಹಿಡಿದು ಹಿತ್ತಲನ್ನೂ ಜಾಲಾಡಿದ್ದ.

"ಅದಕ್ಕಿಂತ ದೊಡ್ಡದು ಇನ್ನೊಂದಿದೆ," ಅಂದಳು. "ಹೊಸ ಲೆಕ್ಕವನ್ನ ಎರಡನೇ ಖಾನೇಲಿ ಯಾಕೆ ಇಟ್ರು? ಮೊದಲನೇದನ್ನ ಅಳಿಸಿ ಅದರ ಮೇಲೇ ಬರೆದಿದ್ರೆ ಕುರ್ಚಿ ಸರಿಸಿದ್ದು ಯಾವನಿಗೂ ಗೊತ್ತಾಗ್ತಿರಲಿಲ್ಲ. ಮೊದಲನೇ ಖಾನೆ ಕಿವಿರಾಯರು ಸ್ವಂತ ಕೈಯಲ್ಲಿ ಮಾಡಿಟ್ಟ ಹದ. ಅದನ್ನ ಅಳಿಸೋಕೆ ಮನಸ್ಸು ಬರಲಿಲ್ಲ ರೀ. ಎಂಥ ಕಿವಿ, ಎಂಥ ಮನಸ್ಸು. ಹಿಡಿದುಹಾಕೋ ಮುಂಚೆ ಒಂದು ನಮಸ್ಕಾರ ಹಾಕಬೇಕು ಅನ್ಸುತ್ತೆ."

ನನಗೂ ಹಾಗೇ ಅನ್ನಿಸಿತು. ಆದರೆ ನಾನು ಮನಸ್ಸಿನಲ್ಲಿ ನಮಸ್ಕಾರ ಹಾಕಿದ್ದು ನನ್ನವಳಿಗೆ. ಪೊಲೀಸರ ಫೋಟೋದಲ್ಲಿ ರಿಸೀವರಿನ ಮುಖದ ಮೇಲಿನ ಅಕ್ಷರಗಳು ಪಳಪಳ ಹೊಳೆಯುತ್ತಿದ್ದುದನ್ನು ಎಲ್ಲರೂ ನೋಡಿದ್ದರು. ಕತ್ತಲ ಕೋಣೆಯಲ್ಲಿ ಆ ಬೆಳಕು ಕಣ್ಣಿಗೆ ಚುಚ್ಚುತ್ತದೆ ಅಂತ ತಮ್ಮ ಅದನ್ನು ಯಾವಾಗಲೂ ಆರಿಸಿಯೇ ಇಡುತ್ತಿದ್ದ ಎಂದು ದೊಡ್ಡತ್ತೆ ಹೇಳಿದ್ದನ್ನೂ ಎಲ್ಲರೂ ಕೇಳಿದ್ದರು. ಎರಡನ್ನೂ ಸೇರಿಸಿ, ಪೆಟ್ಟಿಗೆಗೆ ಬೇರೆ ಕೈ ಬಿದ್ದಿದೆ ಅಂದವಳು ಇವಳೊಬ್ಬಳೇ.

"ಸರಿ ಮೇಡಂ, ಒಪ್ಪಿದೆ," ಅಂದರು ಇನ್ಸ್‌ಪೆಕ್ಟರು. "ಮಗಳಲ್ಲ ಅಂತೀರಾ?"

"ಅವಳಿಗೆ ಈ ಪೆಟ್ಟಿಗೆಲಿ ವಾಲ್ಯೂಮ್ ಕೂಡ ಜಾಸ್ತಿ ಮಾಡೋಕೆ ಬರಲ್ಲ. ನಿಮಗೆ ಕೊಟ್ಟ ಹೇಳಿಕೇಲೂ ಹಾಗೇ ಇದೆ. ಇದನ್ನ ಬಲ್ಲೋರು ಈ ಮನೇಲಿ ಕಿವಿರಾಯರನ್ನ ಬಿಟ್ರೆ ಒಬ್ಬರೇ."

ಅಳಿಯ. ಕಿವಿರಾಯರ ಹತ್ತಿರವೇ ಕೆಲಸ ಕಲಿತು, ಅವರ ಮಗಳನ್ನೇ ಮದುವೆಯಾಗಿ, ಅವರದೇ ಮನೆಯಲ್ಲಿದ್ದುಕೊಂಡು ಸ್ಟುಡಿಯೋ ನಡೆಸುತ್ತಿದ್ದವನು.

ಅವನನ್ನು ಕರೆಸಿದರು. ಅವನು ಬರುವುದರೊಳಗೆ ನನ್ನವಳು ಕಲೆಯ ಮೇಲೆ ಒಂದು ಚಾದರ ಹಾಸಿದಳು. ರಿಸೀವರನ್ನು ಮೊದಲನೆಯ ಖಾನೆಗೆ ತಂದು, ಅಲ್ಲಿದ್ದ ಅಂಕಿಗಳ ಫೋಟೋ ತೆಗೆದುಕೊಂಡು, ಆಮೇಲೆ ಬೇಕಂತಲೇ ಕೆಡಿಸಿದಳು. ಟೀವಿಯ ಕೆಳಗಿನ ನಡುವಿನ ಸ್ಪೀಕರಿನಿಂದಲೇ ಪಾತ್ರಗಳ ಮಾತು ಬರುವುದು. ಅದರ ದೂರವನ್ನು ತಪ್ಪಿಸಿದಳು, ಸದ್ದನ್ನು ಸ್ವಲ್ಪ ಇಳಿಸಿದಳು, ತುಟಿ ಅಲ್ಲಾಡಿ ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತಾದ ಮೇಲೆ ಮಾತು ಬರುವ ಹಾಗೆ ಮಾಡಿದಳು.

"ಇಷ್ಟು ಸಣ್ಣ ತಪ್ಪು ನನ್ನ ಕಿವಿಗೆ ಗೊತ್ತಾಗಲ್ವಲ್ಲೇ," ಅಂದೆ.

"ನಿಮಗೆ ಗೊತ್ತಾಗಲಿ ಅಂತ ಮಾಡಿಲ್ಲ. ಅವತ್ತು ತಡೆಯೋಕಾಗದೆ ಇದ್ದ ಕಿವಿ ಇವತ್ತೂ ತಡ್ಕೊಳ್ಳಲ್ಲ. ನೋಡ್ತಿರಿ."

ಅಳಿಯ ಬಂದ. ಅವನ ಹಿಂದೆಯೇ, ಬಾಗಿಲ ಹೊರಗೆ, ಮಹಿಳಾ ಪೇದೆಯ ಪಕ್ಕದಲ್ಲಿ ಮಗಳು ಬಂದು ನಿಂತಳು. ಸಂಜೆಗೆ ಹೊರಡಲು ಸಿದ್ಧವಾಗಿ ಬಟ್ಟೆಯ ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ಅತ್ತು ಅತ್ತು ಮುಖ ಬಾಡಿತ್ತು. ಇನ್ನು ಸ್ವಲ್ಪ ಹೊತ್ತು ತಾಳು ಮಗಳೇ, ಬಿಡಿಸುತ್ತಾಳೆ ಎಂದು ಹೇಳಬೇಕು ಅನ್ನಿಸಿತು ನನಗೆ.

"ಕೂತ್ಕೊಳ್ಳಿ," ಅಂದಳು ನನ್ನ ಹೆಂಡತಿ. "ನಿಮ್ಮ ಮಾವನವರ ಕುರ್ಚಿ. ಅವರಾದ ಮೇಲೆ ನಿಮಗೇ ಅಲ್ವಾ?"

ಅವನು ಒಂದು ಗಳಿಗೆ ಅನುಮಾನಿಸಿ ಕೂತ. ಅವಳು ಸಿನಿಮಾ ಹಾಕಿದಳು. ರೈಲು ನಿಲ್ದಾಣದ ಬೆಂಚಿನ ಮೇಲೆ ಒಬ್ಬ ಮುದುಕಿ ಕೂತು ತನ್ನ ಮಗನಿಗೆ ಏನೋ ಹೇಳುತ್ತಿದ್ದಳು.

"ಅವತ್ತು ಮಧ್ಯಾಹ್ನ ನೀವು ಮನೆಗೆ ಬಂದಿದ್ರಾ?"

"ಇಲ್ಲ ಮೇಡಂ. ಬೆಳಿಗ್ಗೆ ಸ್ಟುಡಿಯೋಗೆ ಹೋದೋನು, ಸುದ್ದಿ ಬಂದಮೇಲೇ ವಾಪಸ್ ಬಂದಿದ್ದು."

"ಈ ರಿಸೀವರ್ ಯಾರ್ಯಾರಿಗೆ ಬರುತ್ತೆ?"

"ಮಾವನಿಗೆ ಬರ್ತಿತ್ತು. ನನಗೆ ಬರುತ್ತೆ. ಅಷ್ಟೇ."

"ನಿಮ್ಮ ಹೆಂಡತಿಗೆ?"

ಅವನು ನಕ್ಕ. "ಅವಳಿಗಾ? ರಿಮೋಟ್ ತಲೆಕೆಳಗೆ ಹಿಡಿಯೋಳು ಅವಳು."

ಮುದುಕಿಯ ತುಟಿ ನಿಂತ ಮೇಲೂ ಮಾತು ಮುಗಿದಿರಲಿಲ್ಲ. ಆ ಮಾತು ಅವಳ ಬಾಯಿಂದ ಬರುತ್ತಿರುವಂತೆ ಇರಲಿಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಆಡಿದಂತಿತ್ತು. ಗೊತ್ತಿದ್ದುದರಿಂದಲೋ ಏನೋ, ಈಗ ನನಗೂ ಮುಜುಗರವಾಗತೊಡಗಿತು.

"ಸದ್ದು ಹೇಗಿದೆ ಈಗ?" ಕೇಳಿದಳು ನನ್ನವಳು.

ಅವನು ಕತ್ತನ್ನು ಸ್ವಲ್ಪ ಓರೆ ಮಾಡಿದ. ದವಡೆ ಬಿಗಿಯಿತು. "ಚೆನ್ನಾಗಿದೆ. ಮಾವನ ಕೈ ಅಂದ್ರೆ ಮಾವನ ಕೈಯೇ."

ನನ್ನ ಹೆಂಡತಿ ರಿಮೋಟನ್ನು ಅವನಿಗೆ ಎಟಕುವಂತೆ ಕುರ್ಚಿಯ ತೋಳಿನ ಮೇಲೆ ಇಟ್ಟಳು. ಅವನು ಅದನ್ನು ನೋಡಲೂ ಇಲ್ಲ. ನಿಜವಾಗಿ ಅವನಿಗೆ ಕೇಳಿಸಲಿಲ್ಲವೋ, ಬಲೆಯ ವಾಸನೆ ಹಿಡಿದು ಸುಮ್ಮನಿದ್ದನೋ, ಆಣೆ ಮಾಡಿ ಹೇಳಲಾರೆ.

"ಯಾರೋ ಇಲ್ಲಿ ಕುರ್ಚಿ ಸರಿಸಿ, ಮೈಕ್ ಇಟ್ಟು, ಹೊಸದಾಗಿ ಹದ ಮಾಡಿದ್ದಾರೆ," ಅಂದಳು. "ಬರೋದು ನಿಮಗೊಬ್ಬರಿಗೇ ಅಂತ ನೀವೇ ಹೇಳಿದ್ರಿ."

"ಬರುತ್ತೆ ಅಂದ್ರೆ ಮಾಡಿದ್ದು ನಾನೇ ಅಂತನಾ? ನಾನು ಅವತ್ತು ಈ ಮನೇಲಿ ಇರಲೇ ಇಲ್ಲ ಮೇಡಂ." ಅವನ ದನಿ ಮೆತ್ತಗಿತ್ತು, ಒಂದಿಷ್ಟೂ ಏರಲಿಲ್ಲ. "ಇದ್ದೋಳು ಅವಳೊಬ್ಬಳೇ. ಅಪ್ಪನ ಮೇಲೆ ಅವಳಿಗೆ ಏನೋ ಸಿಟ್ಟಿತ್ತು. ಕಟ್ಟಿಕೊಂಡವಳ ಬಗ್ಗೆ ಹೀಗೆ ಹೇಳೋಕೆ ನನಗೂ ಸಂಕಟ ಆಗುತ್ತೆ. ಆದ್ರೆ ಕೈಯಾರೆ ಮಾಡಿದ್ದನ್ನ ಅವಳು ಒಪ್ಕೊಳ್ಳೋದೇ ಒಳ್ಳೇದು."

ಮುದುಕಿ ಮಾತಾಡುತ್ತಲೇ ಇದ್ದಳು, ತುಟಿ ಒಂದು ಕಡೆ, ದನಿ ಒಂದು ಕಡೆ.

ಬಾಗಿಲಲ್ಲಿ ಚೀಲ ಕೆಳಗೆ ಬಿದ್ದ ಸದ್ದಾಯಿತು. ಮಹಿಳಾ ಪೇದೆ ಕೈ ಅಡ್ಡ ಹಿಡಿಯುವ ಮುಂಚೆಯೇ ಮಗಳು ಒಳಗೆ ಬಂದಿದ್ದಳು. ಯಾರನ್ನೂ ನೋಡಲಿಲ್ಲ. ಕುರ್ಚಿಯ ತೋಳಿನಿಂದ ರಿಮೋಟ್ ಎತ್ತಿಕೊಂಡು, ಗಂಡನ ತಲೆಯ ಹಿಂದೆ, ಅವನ ಕಿವಿಗಳ ಎತ್ತರಕ್ಕೇ ತನ್ನ ಮುಖ ಬರುವ ಹಾಗೆ ಬಗ್ಗಿ ನಿಂತು, ಕಣ್ಣು ಮುಚ್ಚಿಕೊಂಡಳು.

"ಅಪ್ಪ ಮಾಡಿಟ್ಟಿದ್ದನ್ನ ಯಾಕೆ ಹಾಳು ಮಾಡ್ತೀರಿ," ಅಂದಳು. ಬೈಗುಳವಲ್ಲ, ಅಳುವೂ ಅಲ್ಲ. ಮಲಗಿದ ಮಗುವಿನ ಹೊದಿಕೆ ಸರಿದದ್ದನ್ನು ಕಂಡು ಒಬ್ಬ ತಾಯಿ ಹಾಗೆ ಗೊಣಗಬಹುದು.

ಅವಳ ಹೆಬ್ಬೆರಳು ಗುಂಡಿಗಳ ಮೇಲೆ ಹರಿದಾಡಿತು. ಮೆನು ಬಂತು, ಅವಳು ಕಣ್ಣು ತೆರೆಯಲಿಲ್ಲ. ಒಂದು ಗುಂಡಿ ಒತ್ತಿ ಕೇಳಿದಳು. ಇನ್ನೊಂದು ಸಲ ಒತ್ತಿ ಕೇಳಿದಳು. ಹೆಚ್ಚಾಯಿತೆಂದು ಒಂದು ಹೆಜ್ಜೆ ಹಿಂದಕ್ಕೆ ತಂದಳು. ಮುದುಕಿಯ ದನಿ ಹತ್ತಿರ ಹತ್ತಿರ ಬಂದು, ಅವಳ ತುಟಿಗೆ ಕೂತು, ಎದುರಿಗೇ ಉಸಿರಾಡುವ ಹಾಗೆ ನಿಂತಿತು. ಅವಳ ಹಿಂದೆ ನಿಲ್ದಾಣ ತೆರೆದುಕೊಂಡಿತು. ದೂರದಲ್ಲಿ ಯಾರೋ ಪೆಟ್ಟಿಗೆ ಎಳೆದುಕೊಂಡು ಹೋದರು, ನನ್ನ ಬೆನ್ನ ಹಿಂದೆ ಒಂದು ರೈಲು ನಿಧಾನಕ್ಕೆ ಬಂತು. ನನ್ನ ಮೈ ಜುಮ್ಮೆಂದಿತು. ಸುಳ್ಳು ಯಾಕೆ ಹೇಳಲಿ, ಕಣ್ಣೂ ಒದ್ದೆಯಾಯಿತು. ಅಷ್ಟು ಚೆಂದದ ಕೆಲಸವನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ.

ನನ್ನವಳು ಫೋನಿನಲ್ಲಿದ್ದ ಫೋಟೋವನ್ನೂ ಟೀವಿಯ ಮೇಲಿನ ಅಂಕಿಗಳನ್ನೂ ನೋಡಿದಳು. ನಾನೂ ಇಣುಕಿದೆ. ಕಿವಿರಾಯರು ಇಟ್ಟಿದ್ದು ಎಷ್ಟೋ ಅಷ್ಟೇ, ಒಂದು ಅಂಕಿಯೂ ಆಚೀಚೆ ಇರಲಿಲ್ಲ.

ಮೆಚ್ಚುಗೆಯಿಂದ ತಲೆಯಾಡಿಸುತ್ತಿದ್ದ ನಾನು ಹೆಂಡತಿಯ ಮುಖ ನೋಡಿದ ಮೇಲೆ ನಿಲ್ಲಿಸಿದೆ. ಅವಳು ಬಿಳಿಚಿಕೊಂಡಿದ್ದಳು. ಆಗ ನನಗೂ ಹೊಳೆಯಿತು. ಯಾರನ್ನು ಬಿಡಿಸುತ್ತೇನೆಂದು ಮಾತು ಕೊಟ್ಟಿದ್ದಳೋ, ಅವಳನ್ನೇ ತನ್ನ ಕೈಯಾರೆ ಹಿಡಿದುಕೊಟ್ಟಿದ್ದಳು.

"ಅಮ್ಮಾ," ಅಂದರು ಇನ್ಸ್‌ಪೆಕ್ಟರು, ಈ ಸಲ ಯಾವ ಗಡಿಬಿಡಿಯೂ ಇಲ್ಲದೆ. "ನಿಮಗೆ ಇದು ಬರಲ್ಲ ಅಂತ ಬರೆಸಿದ್ರಿ."

ಅವಳು ಕಣ್ಣು ಬಿಟ್ಟು ಕೈಯಲ್ಲಿದ್ದ ರಿಮೋಟನ್ನು ನೋಡಿದಳು. ಅದು ತನ್ನ ಕೈಯಲ್ಲಿದೆ ಎಂದು ಅವಳಿಗೂ ಆಗಲೇ ಗೊತ್ತಾದ ಹಾಗಿತ್ತು.

"ಬರುತ್ತೆ. ಚಿಕ್ಕಂದಿನಲ್ಲೇ ಅಪ್ಪ ಕಲಿಸಿದ್ದು. ಇವರಿಗಿಂತ ನನಗೆ ಚೆನ್ನಾಗಿ ಕೇಳಿಸುತ್ತೆ ಅಂತ ಗೊತ್ತಾದ್ರೆ ಇವರಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ. ಮದುವೆ ಆದಾಗಿಂದ ಸುಮ್ಮನೇ ಇದ್ದೀನಿ."

ಅಳಿಯ ಕುರ್ಚಿಯಲ್ಲೇ ತಿರುಗಿದ. "ಕೇಳಿದ್ರಲ್ಲ ಸಾಹೇಬ್ರೇ. ಅವಳ ಬಾಯಿಂದಲೇ ಬಂತು."

ನನ್ನ ಹೆಂಡತಿ ಅವಳ ಹತ್ತಿರ ಹೋಗಿ ನಿಂತಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ಎರಡನೇ ಖಾನೇಲಿ ಇಟ್ಟಿದ್ದೂ ನೀನೇನಾ ಮಗಳೇ?"

"ನಾನೇ. ಕುರ್ಚಿ ಎಳೆದಿದ್ದೂ ನಾನೇ. ಎಳಿ ಅಂದಿದ್ದು ಅಪ್ಪ."

"ಅಪ್ಪನಾ?"

"ಸಂಜೆ ಅತ್ತೆ ಕೆಳಗೆ ಬರ್ತಾರೆ, ಅವರ ಕಣ್ಣಿಗೆ ಆ ಕಲೆ ಬೀಳಬಾರದು ಅಂದ್ರು. ಹೊಸ ಜಾಗದಲ್ಲಿ ಕೂತು, ಬಲಗಡೆ ಭಾರ ಆಗ್ತಿದೆ ಸರಿ ಮಾಡು ಅಂದ್ರು. ಮೈಕ್ ಇಟ್ಟು ಸರಿ ಮಾಡ್ದೆ. ಸಿನಿಮಾ ಹಾಕಿಕೊಟ್ಟು ಅಡುಗೆಮನೆಗೆ ಹೋದೆ. ನಾನು ಬಾಗಿಲು ಎಳ್ಕೊಂಡಾಗ ಅಪ್ಪ ಚೆನ್ನಾಗೇ ಇದ್ರು. ಕಾಫಿ ಕೇಳಿದ್ರು."

ಗಡಿಬಿಡಿ ಸಾಹೇಬರು ಚಾದರದ ಕಡೆ ನೋಡಿದರು. "ಹಾಗಾದ್ರೆ ಅದರ ಕೆಳಗಿರೋ ರಕ್ತ..."

"ಅಪ್ಪಂದಲ್ಲ."

ಅವಳು ಸಿನಿಮಾ ನಿಲ್ಲಿಸಿದಳು. ದಪ್ಪ ಬಟ್ಟೆ ಹೊದ್ದ ಆ ಕೋಣೆಯಲ್ಲಿ ಒಬ್ಬೊಬ್ಬರ ಉಸಿರೂ ಬೇರೆ ಬೇರೆಯಾಗಿ ಕೇಳಿಸತೊಡಗಿತು. ಆಮೇಲೆ ಅವಳು ಕುರ್ಚಿಯ ಮುಂದಕ್ಕೆ ಬಂದು ಗಂಡನ ಎದುರಿಗೆ ನಿಂತಳು.

"ರೀ, ನೀವು ಬಂದೇ ಇಲ್ಲ ಅಂತ ಇವರಿಗೆಲ್ಲ ಹೇಳಿದ್ರಲ್ಲ," ಅಂದಳು. "ಅವತ್ತು ಅಪ್ಪನ ಜೊತೆ ಕಿತ್ತಾಡಿದಾಗ ಆದ ಗಾಯ ಎಲ್ಲಿ? ಬಲಗೈ ಶರ್ಟಿನ ತೋಳು ಮೇಲೆ ಮಾಡಿ ತೋರಿಸಿ."

ಅವನ ಎಡಗೈ ಮೆಲ್ಲಗೆ ಎದ್ದು ಹೋಗಿ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿತು.